ಸೋಲುವ ತಂಡದ ಧರ್ಮ

ಫಲವು ದೊರೆಯುವುದೆಂಬ ಭರವಸೆಯಿದ್ದಾಗ ದುಡಿಯುವುದು ಯಾರಿಗಾದರೂ ಸಾಧ್ಯವಾದ ಕೆಲಸ. ಫಲವು ಸಂದೇಹದಲ್ಲಿರುವಾಗಲೂ ಧೈರ್ಯಶಾಲಿಯಾದವನು ದುಡಿಯುವನು. ಆದರೆ ಫಲವು ದೊರೆಯಲಾರದೆಂದು ಬುದ್ಧಿಯು ಹೆಚ್ಚುಕಡಮೆ ನಿಶ್ಚಯಿಸಿಬಿಟ್ಟಿರುವಾಗ ಮನುಷ್ಯನು ಏನು ಮಾಡತಕ್ಕದ್ದು? ಕೈಕಟ್ಟಿ ಕುಳಿತುಕೊಳ್ಳತಕ್ಕದ್ದೆ? ಆ ಸೋಲಿನಿಂದಲೇ ಬೇರೊಂದು ಲಾಭವನ್ನು ಸಂಪಾದಿಸುವ ಉಪಾಯವನ್ನು ಹುಡುಕತಕ್ಕದ್ದೆ? ಅಥವಾ ಗೆಲ್ಲುವವನ ಶ್ರದ್ಧೆಯಿಂದಲೇ ದುಡಿಯತಕ್ಕದ್ದೆ? ಈ ಪ್ರಶ್ನೆಯು ಬಹು ಹಳೆಯದು. ಯುದ್ಧ, ರಾಜ್ಯ, ರೋಗ, ಮರಣ ಮೊದಲಾದ ದೊಡ್ಡ ವಿಷಯಗಳಲ್ಲಿ ಇದನ್ನು ವಿಚಾರಿಸಹೊರಟರೆ ಭಯಶೋಕಗಳು ಅಡ್ಡಬಂದು ಬುದ್ಧಿಯನ್ನು ಕದಡುವುವು. ಆಟದಲ್ಲಾದರೋ ಪ್ರಾಣಭಯವಿಲ್ಲ, ಸೋಲುಗೆಲವುಗಳು ಮಾತ್ರ ಅಂಕೆಸಂಖ್ಯೆಗಳಲ್ಲಿ ನಿಸ್ಸಂದಿಗ್ಧವಾಗಿ ಕಾಣಿಸುವುವು. ಆದಕಾರಣ ಆಟವು ಈ ವಿಚಾರಕ್ಕೆ ಒಳ್ಳೆಯ ಒರೆಗಲ್ಲು. ಆಸ್ಟ್ರೇಲಿಯಾ ಖಂಡದ ಜನರು ತಮ್ಮದೇ ಆದ ನಿಯಮಗಳಿಂದ ಆಡುವ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಇದಕ್ಕೆ ತಕ್ಕ ನಿದರ್ಶನಗಳು ಹೇರಳವಾಗಿ ದೊರೆಯುತ್ತವೆ.

ಈ ಆಟವು ಹುಟ್ಟಿದುದು ವಿಕ್ಟೋರಿಯಾ ಪ್ರಾಂತದ ಮೆಲ್ಬೋರ್ನ್ ನಗರದಲ್ಲಿ. ೧೮೫೮ರ ಜುಲೈ ತಿಂಗಳಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರನು ಒಂದು ಪತ್ರಿಕೆಗೆ ಕಾಗದ ಬರೆದು, ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡವಾಗದಂತೆ ಒಂದು ಕಾಲ್ಚೆಂಡಿನ ಸಂಘವನ್ನು ಸ್ಥಾಪಿಸಬೇಕೆಂದು ಸೂಚಿಸಿದನು. ಮರುವರ್ಷದ ಮೇ ತಿಂಗಳಲ್ಲಿ ಆಟದ ನಿಯಮಗಳು ಲಿಖಿತರೂಪವನ್ನು ತಾಳಿದುವು. ಕ್ರಿಕೆಟ್ ಬಯಲಿನಂತೆ ಅಂಡಾಕಾರವಾದ ಮೈದಾನ. ಒಂದೊಂದು ತಂಡಕ್ಕೆ ಮೈದಾನದಲ್ಲಿ ೧೮ ಮಂದಿ ಆಟಗಾರರು. ಎರಡು ಕೊನೆಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳು. ನಡುವಣ ಎರಡು ಕಂಬಗಳ ನಡುವೆ ಚೆಂಡನ್ನು ಒದ್ದು ದಾಟಿಸಿದರೆ ಅದು ‘ಗೋಲ್’. ಅದಕ್ಕೆ ೬ ಅಂಕ. ಪಕ್ಕದ ಕಂಬಗಳ ನಡುವೆ ಹೋದರೆ ‘ಬಿಹೈಂಡ್’. ಅದಕ್ಕೆ ೧ ಅಂಕ. ಆಟವು ನಾಲ್ಕು ಪಾದಗಳಾಗಿ ನಡೆಯುವುದು. ಚೆಂಡು ಸಹ ಮೊಟ್ಟೆಯ ಆಕಾರದ್ದಾಗಿರುವುದರಿಂದ ನೆಲಕ್ಕೆ ಬಿದ್ದಮೇಲೆ ಯಾವ ಕಡೆಗೆ ನೆಗೆಯುವುದೆಂದು ನಿಪುಣರೂ ಹೇಳಲಾರರು. ೧೮೯೭ರಲ್ಲಿ ಎಂಟು ಕ್ಲಬ್ಬುಗಳು ಸೇರಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಎಂಬ ಕೂಟದ ಪಂದ್ಯಗಳನ್ನು ಆರಂಭಿಸಿದುವು. ಆ ಕೂಟವೇ ೧೯೯೦ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ಪಡೆಯಿತು.

ಆ ಎಂಟು ಕ್ಲಬ್ಬುಗಳಲ್ಲಿ ಸೇಂಟ್ ಕಿಲ್ಡಾ ಎಂಬುದು ಒಂದು. ಅದರ ಭಾಗ್ಯವು ಆರಂಭದಿಂದಲೇ ಶೋಚನೀಯವಾಗಿತ್ತು. ೧೮೯೭ರಲ್ಲಿ ಒಂದು ಪಂದ್ಯವನ್ನೂ ಅದು ಗೆಲ್ಲಲಿಲ್ಲ, ೧೮೯೮ರಲ್ಲಿಯೂ ಗೆಲ್ಲಲಿಲ್ಲ, ೧೮೯೯ರಲ್ಲಿಯೂ ಅದೇ ಗತಿ. ಆ ವರ್ಷ ಜೀಲಾಂಗ್ ತಂಡದ ಇದಿರಿನಲ್ಲಿ ನಾಲ್ಕು ಪಾದಗಳ ಆಟವನ್ನಾಡಿ ಅದು ಗಳಿಸಿದುದು ಒಂದೇ ಒಂದು ಅಂಕ. ಜೀಲಾಂಗ್ ಗಳಿಸಿದುದು ೧೬೨. ಹೀಗೆ ಸಾಲಾಗಿ ೪೮ ಪಂದ್ಯಗಳನ್ನು ಸೋತ ತಂಡವು ೧೯೦೦ನೆಯ ಇಸವಿಯ ಮೊದಲ ಪಂದ್ಯದಲ್ಲಿ ಮೆಲ್ಬೋರ್ನ್ ತಂಡವನ್ನು ಇದಿರಿಸಬೇಕಾಗಿತ್ತು. ಆ ಪಂದ್ಯದ ಹಿಂದಿನ ದಿನ ಯಾರಾದರೂ ವಿವೇಕಿಯನ್ನು, ‘ನಾಳೆ ಸೇಂಟ್ ಕಿಲ್ಡಾ ಗೆಲ್ಲುವ ಸಂಭವವೆಷ್ಟು?’ ಎಂದು ಕೇಳಿದ್ದರೆ ಅವನು ಏನು ಹೇಳುತ್ತಿದ್ದನು? ೪೮ ಸಾಕ್ಷಿಗಳು ಒಂದೇ ಮಾತನ್ನು ನುಡಿಯುತ್ತಿರುವಾಗ ಬೇರೆ ತೀರ್ಪನ್ನು ಕೊಡುವ ನ್ಯಾಯಾಧಿಪತಿಯು ಎಲ್ಲಿರುವನು?

ಸಂಭವವನ್ನು ಲೆಕ್ಕಹಾಕುವ ಕ್ರಮವು ಆ ದೇಶದಲ್ಲಿ ಒಂದು ಸಣ್ಣ ಶಾಸ್ತ್ರದಂತೆಯೇ ಬೆಳೆದಿದೆ. ಗೆದ್ದ ಪಂದ್ಯಕ್ಕೆ ೪, ಸಮವಾದ ಪಂದ್ಯಕ್ಕೆ ೨ ಎಂಬಂತೆ ಎಣಿಸಿ ಕ್ಲಬ್ಬುಗಳನ್ನು ಒಂದು ಶ್ರೇಣಿಪಟ್ಟಿಯಲ್ಲಿ ನಿಲ್ಲಿಸುವರು. ಇಬ್ಬರು ಸಮನಾಗಿ ನಿಂತರೆ, ಗಳಿಸಿದ ಅಂಕಗಳನ್ನು ಕೊಟ್ಟ ಅಂಕಗಳಿಂದ ಭಾಗಿಸಿ ನೂರರಿಂದ ಗುಣಿಸಿದ ಶೇಕಡಾ ಪ್ರಮಾಣವು ಅವರ ತಾರತಮ್ಯವನ್ನು ನಿರ್ಣಯಿಸುವುದು. ಪಂದ್ಯವು ಹತ್ತಿರ ಬಂದಂತೆ ಯಾರ ಕಾಲಿಗೆ ಏಟಾಗಿದೆ, ಯಾರು ಮರಳಿ ಬಂದಿರುವರು, ಮೈದಾನವು ಯಾರದು, ಗಾಳಿಯು ಯಾವ ಕಡೆಯಿಂದ ಬೀಸುವುದು ಎಂಬುದನ್ನೆಲ್ಲ ತೂಗಿ ನೋಡುವರು. ಇದರಲ್ಲಿ ತಪ್ಪೇನೂ ಇಲ್ಲ. ತನ್ನ ಬಲವನ್ನೂ ಪರರ ಬಲವನ್ನೂ ಅರಿಯದೆ ಕಾರ್ಯಕ್ಕೆ ಇಳಿಯುವವನನ್ನು ನೀತಿಶಾಸ್ತ್ರಕಾರರು ಎಂದೂ ಹೊಗಳಲಿಲ್ಲ.

ಆದರೆ ಸಂಭವವೆಂಬುದು ನಿರ್ಣಯವಲ್ಲವೆಂಬುದನ್ನು ಮರೆಯಕೂಡದು. ೧೯೧೬ರಲ್ಲಿ ಮಹಾಯುದ್ಧದ ನಿಮಿತ್ತವಾಗಿ ಲೀಗಿನಲ್ಲಿ ನಾಲ್ಕೇ ಕ್ಲಬ್ಬುಗಳು ಉಳಿದಿದ್ದುವು. ಫಿಟ್ಸ್‌ರಾಯ್ ಎಂಬ ಕ್ಲಬ್ಬು ೧೨ ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು, ಒಂದನ್ನು ಸಮಮಾಡಿಕೊಂಡು, ಪಟ್ಟಿಯ ಕಟ್ಟಕಡೆಯಲ್ಲಿ ನಿಂತಿತು. ನಾಲ್ಕು ಕ್ಲಬ್ಬುಗಳಿಗೂ ಅಂತಿಮ ಪಂದ್ಯಗಳಲ್ಲಿ ಆಡುವ ಅವಕಾಶವಿದ್ದುದರಿಂದ ಅದೂ ಆಡಿತು. ಆಡಿ ಆ ವರ್ಷದ ಅಗ್ರಪದವಿಯನ್ನು ಪಡೆಯಿತು. ಒಂದೇ ವರ್ಷದಲ್ಲಿ ಒಂದೇ ತಂಡವು ಎಲ್ಲರಿಗಿಂತ ಕಡೆಯದೂ ಎಲ್ಲರಿಗಿಂತ ಮೊದಲನೆಯದೂ ಆಯಿತು. ೨೦೦೧ರಲ್ಲಿ ಎಸೆಂಡನ್ ತಂಡವು ನಾರ್ತ್ ಮೆಲ್ಬೋರ್ನ್ ತಂಡಕ್ಕಿಂತ ಒಂದು ಹಂತದಲ್ಲಿ ೬೯ ಅಂಕ ಹಿಂದಿದ್ದು ಕೊನೆಗೆ ೧೨ ಅಂಕಗಳಿಂದ ಗೆದ್ದಿತು. ಮೊಟ್ಟೆಯಾಕಾರದ ಚೆಂಡು ನೆಗೆಯುವ ದಿಕ್ಕನ್ನು ಯಾವ ಪಟ್ಟಿಯೂ ಮುಂದಾಗಿ ಹೇಳಲಾರದು.

ಈ ಬಗೆಯ ಕಥೆಗಳನ್ನು ಕೇಳಿ ಕೆಲವರು, ‘ಯಾವಾಗಲಾದರೂ ಒಮ್ಮೆ ಗೆಲ್ಲಬಹುದು, ಆದ್ದರಿಂದ ಪ್ರಯತ್ನಿಸಬೇಕು’ ಎಂದು ಉಪದೇಶಿಸುವರು. ಈ ಉಪದೇಶವು ಕಿವಿಗೆ ಇಂಪಾಗಿದ್ದರೂ ಅದರ ತಳಹದಿಯು ಭದ್ರವಾದುದಲ್ಲ. ಏಕೆಂದರೆ ದುರ್ಬಲನು ಬಲಿಷ್ಠನನ್ನು ಗೆದ್ದ ಒಂದು ಕಥೆಗೆ ಪ್ರತಿಯಾಗಿ ಸೋತ ಹಲವು ಕಥೆಗಳುಂಟು. ೨೦೧೧ರಲ್ಲಿ ಮೆಲ್ಬೋರ್ನ್ ತಂಡವು ಜೀಲಾಂಗ್ ತಂಡಕ್ಕೆ ೧೮೬ ಅಂಕಗಳಿಂದ ಸೋತಿತು. ಅಲ್ಲಿ ಯಾವ ಪವಾಡವೂ ನಡೆಯಲಿಲ್ಲ. ಲಾಟರಿಯ ಚೀಟಿಯನ್ನು ಕೊಳ್ಳುವವನ ಆಸೆಗೂ ಧರ್ಮಿಷ್ಠನ ಪ್ರಯತ್ನಕ್ಕೂ ಏನಾದರೂ ಭೇದವಿರಬೇಕಾದರೆ, ಆ ಪ್ರಯತ್ನದ ಬೆಲೆಯು ಅಪೂರ್ವವಾದ ಗೆಲವಿನ ಮೇಲೆ ನಿಂತಿರಕೂಡದು.

ಈ ಮಾತಿಗೆ ಪ್ರಮಾಣವಾಗಿ ಸೇಂಟ್ ಕಿಲ್ಡಾದ ಪಕ್ಕದಲ್ಲಿ ಇನ್ನೊಂದು ತಂಡವನ್ನು ನಿಲ್ಲಿಸಬಹುದು. ಮೆಲ್ಬೋರ್ನ್ ವಿಶ್ವವಿದ್ಯಾಲಯದವರು ೧೯೦೮ರಲ್ಲಿ ‘ಯೂನಿವರ್ಸಿಟಿ’ ಎಂಬ ಹೆಸರಿನಿಂದ ಲೀಗನ್ನು ಸೇರಿದರು. ಅವರು ವಿದ್ಯಾರ್ಥಿಗಳು, ಪದವೀಧರರು; ಆಟಕ್ಕಾಗಿ ಹಣ ತೆಗೆದುಕೊಳ್ಳದವರು. ೧೯೧೧ರಲ್ಲಿ ಆಟಗಾರರಿಗೆ ವೇತನ ಕೊಡುವುದನ್ನು ಲೀಗು ಬಹಿರಂಗವಾಗಿ ಅಂಗೀಕರಿಸಿದ ಮೇಲೆ, ಹಣದಿಂದ ಬಲಗೊಂಡ ತಂಡಗಳೊಡನೆ ಹೆಣಗುವುದು ಅವರಿಗೆ ವರ್ಷದಿಂದ ವರ್ಷಕ್ಕೆ ಕಷ್ಟವಾಯಿತು. ತಮ್ಮ ಕೊನೆಯ ೫೧ ಪಂದ್ಯಗಳನ್ನೂ ಅವರು ಸಾಲಾಗಿ ಸೋತರು. ೧೯೧೪ರ ಕೊನೆಯಲ್ಲಿ ಲೀಗನ್ನು ಬಿಟ್ಟರು. ಅವರಲ್ಲಿ ಅನೇಕರು ಯುದ್ಧಕ್ಕೆ ಹೋದರು. ಸೇಂಟ್ ಕಿಲ್ಡಾದ ೪೮ ಸೋಲುಗಳ ಕೊನೆಯಲ್ಲಿ ಒಂದು ಗೆಲವಿದ್ದಿತು; ಯೂನಿವರ್ಸಿಟಿಯ ೫೧ ಸೋಲುಗಳ ಕೊನೆಯಲ್ಲಿ ಬರಿಯ ನಿರ್ಗಮನವಿದ್ದಿತು. ಹಾಗೆಂದು ೫೧ನೆಯ ಪಂದ್ಯದಲ್ಲಿ ಓಡಿದ ಯೂನಿವರ್ಸಿಟಿಯ ಹುಡುಗನ ಬೆವರು ೪೯ನೆಯ ಪಂದ್ಯದಲ್ಲಿ ಓಡಿದ ಸೇಂಟ್ ಕಿಲ್ಡಾದವನ ಬೆವರಿಗಿಂತ ಹೀನವಾದುದೆಂದು ಯಾವ ಧರ್ಮಜ್ಞನು ಹೇಳಿಯಾನು? ಹೇಳಲಾಗದು. ಹಾಗಾದರೆ ಆ ಪ್ರಯತ್ನದ ಬೆಲೆಯು ಎಲ್ಲಿದೆ ಎಂಬುದನ್ನು ಬೇರೆ ಕಡೆ ಹುಡುಕಬೇಕಾಗುವುದು. ಅದಕ್ಕೆ ಮೊದಲು ಇದಿರುಪಕ್ಷದವರ ಮಾತುಗಳನ್ನು ಕೇಳುವುದು ನ್ಯಾಯ.

ಮೊದಲನೆಯ ಪೂರ್ವಪಕ್ಷವು ದೈವವಾದಿಯದು. ‘ಆಗತಕ್ಕದ್ದು ಆಗಿಯೇ ತೀರುವುದು. ಸೋಲು ಬರೆದಿದ್ದರೆ ಓಡಿದರೂ ಸೋಲು, ನಿಂತರೂ ಸೋಲು. ವೃಥಾ ಆಯಾಸವೇಕೆ?’ ಎಂದು ಅವನ ವಾದ. ಇದಕ್ಕೆ ಮಹಾಭಾರತದ ಅನುಶಾಸನಪರ್ವದಲ್ಲಿಯೇ ಸಮಾಧಾನವುಂಟು. ದೈವವು ದೊಡ್ಡದೋ ಪುರುಷಕಾರವು ದೊಡ್ಡದೋ ಎಂದು ಯುಧಿಷ್ಠಿರನು ಕೇಳಿದಾಗ, ವಸಿಷ್ಠನಿಗೆ ಬ್ರಹ್ಮನು ಹೇಳಿದ ಮಾತನ್ನು ಭೀಷ್ಮನು ನೆನೆಯುವನು. ಪುರುಷಪ್ರಯತ್ನವು ಹೊಲವಿದ್ದಂತೆ, ದೈವವು ಬೀಜವಿದ್ದಂತೆ. ಎರಡೂ ಕೂಡಿದಲ್ಲಿ ಬೆಳೆ ಎಂಬುದು ಅದರ ತಾತ್ಪರ್ಯ. ಈ ದೃಷ್ಟಾಂತದ ಸ್ವಾರಸ್ಯವನ್ನು ಗಮನಿಸಬೇಕು. ಬೀಜವು ಒಳ್ಳೆಯದೋ ಜೊಳ್ಳೋ ಎಂಬುದು ಬಿತ್ತುವ ದಿನ ರೈತನಿಗೆ ತಿಳಿಯುವುದಿಲ್ಲ. ಹೊಲವನ್ನು ಉಳುವುದೊಂದೇ ಅವನ ಕೈಯಲ್ಲಿರುವ ಕೆಲಸ. ಉಳದೆ ಬಿಟ್ಟವನು ‘ಬೀಜವೇ ಜೊಳ್ಳಾಗಿತ್ತು’ ಎಂದು ಹೇಳುವ ಅಧಿಕಾರವನ್ನು ಸಹ ಕಳೆದುಕೊಳ್ಳುತ್ತಾನೆ. ಪೂರ್ಣಶಕ್ತಿಯಿಂದ ಆಡಿ ಸೋತವನು ಮಾತ್ರವೇ ತಾನು ದುರ್ಬಲನಾಗಿದ್ದೆನೆಂದು ನಿಜವಾಗಿ ಹೇಳಬಲ್ಲನು. ಆಡದೆ ಸೋತವನಿಗೆ ತನ್ನ ದೌರ್ಬಲ್ಯದ ಅಳತೆಯೇ ಗೊತ್ತಿಲ್ಲ. ಇಷ್ಟರಿಂದ ದೈವವಾದಿಯ ಬಾಯಿ ಮುಚ್ಚುವುದು.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಬಲವಾದುದು. ಅದು ಸೋಮಾರಿಯ ವಾದವಲ್ಲ, ಚತುರನ ವಾದ. ಅದನ್ನು ತಿಳಿಯಬೇಕಾದರೆ ಆ ಲೀಗಿನ ಒಂದು ವ್ಯವಸ್ಥೆಯನ್ನು ಅರಿಯಬೇಕು. ೧೯೮೬ರಿಂದ ‘ಡ್ರಾಫ್ಟ್’ ಎಂಬ ಪದ್ಧತಿಯು ಅಲ್ಲಿ ನಡೆದುಬಂದಿದೆ. ಹೊಸದಾಗಿ ಬರುವ ತರುಣ ಆಟಗಾರರನ್ನು ಆರಿಸಿಕೊಳ್ಳುವಾಗ ಪಟ್ಟಿಯ ಕೊನೆಯಲ್ಲಿರುವ ಕ್ಲಬ್ಬಿಗೆ ಮೊದಲ ಆಯ್ಕೆ, ಅಗ್ರಸ್ಥಾನದ ಕ್ಲಬ್ಬಿಗೆ ಕೊನೆಯ ಆಯ್ಕೆ. ದುರ್ಬಲನನ್ನು ಎತ್ತಿ ನಿಲ್ಲಿಸಬೇಕೆಂಬ ದಯೆಯೇ ಈ ವಿಧಿಯ ಮೂಲ. ಇದಲ್ಲದೆ ೨೦೦೬ರಿಂದ ಕೆಲವು ವರ್ಷಗಳವರೆಗೆ, ಒಂದು ಋತುವಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪಂದ್ಯಗಳನ್ನು ಗೆಲ್ಲದ ಕ್ಲಬ್ಬಿಗೆ ಇನ್ನೂ ಒಂದು ವಿಶೇಷ ಆಯ್ಕೆಯನ್ನು ಕೊಡುತ್ತಿದ್ದರು. ಎರಡು ವರ್ಷ ಸಾಲಾಗಿ ಹಾಗಾದರೆ ಆ ವಿಶೇಷ ಆಯ್ಕೆಯು ಎಲ್ಲಕ್ಕಿಂತ ಮೊದಲು ಬರುತ್ತಿತ್ತು. ಈಗ ನಾಲ್ಕು ಪಂದ್ಯಗಳನ್ನು ಗೆದ್ದು, ಋತುವಿನ ಕೊನೆಯ ಪಂದ್ಯಗಳನ್ನು ಆಡಲಿರುವ ದುರ್ಬಲ ತಂಡವೊಂದನ್ನು ವಾಚಕರು ಊಹಿಸಿಕೊಳ್ಳಲಿ. ಐದನೆಯ ಗೆಲವಿನಿಂದ ಅದಕ್ಕೆ ಯಾವ ಪದವಿಯೂ ಬಾರದು. ಇದ್ದ ವಿಶೇಷ ಆಯ್ಕೆಯು ಮಾತ್ರ ಕೈತಪ್ಪುವುದು. ಇಲ್ಲಿ ಚತುರನು ಹೇಳುವನು: ‘ಚದುರಂಗದಲ್ಲಿ ಆನೆಯನ್ನು ಕೊಟ್ಟು ರಾಜನನ್ನು ಹಿಡಿಯುವುದಿಲ್ಲವೆ? ಹೊಲವನ್ನು ಒಂದು ವರ್ಷ ಬೀಳುಬಿಟ್ಟು ಮರುವರ್ಷ ಹೆಚ್ಚು ಬೆಳೆಯುವುದಿಲ್ಲವೆ? ಇಂದಿನ ನಿಷ್ಪ್ರಯೋಜಕವಾದ ಗೆಲವನ್ನು ತ್ಯಾಗಮಾಡಿ ನಾಳಿನ ಸಾರ್ಥಕವಾದ ಗೆಲವನ್ನು ಕೊಳ್ಳುವುದರಲ್ಲಿ ಅಧರ್ಮವೇನು?’ ಈ ನಡತೆಗೆ ಆ ದೇಶದಲ್ಲಿ ‘ಟ್ಯಾಂಕಿಂಗ್’ ಎಂಬ ಹೆಸರು.

ಮೆಲ್ಬೋರ್ನ್ ಕ್ಲಬ್ಬು ೨೦೦೮ರಲ್ಲಿ ಮೂರು ಪಂದ್ಯಗಳನ್ನೂ ೨೦೦೯ರಲ್ಲಿ ನಾಲ್ಕು ಪಂದ್ಯಗಳನ್ನೂ ಗೆದ್ದು, ಆ ವರ್ಷದ ಮೊದಲ ಎರಡು ಆಯ್ಕೆಗಳನ್ನೂ ಪಡೆಯಿತು. ೨೦೦೯ರ ಆಟವನ್ನು ಕುರಿತು ಅನುಮಾನಗಳು ಹುಟ್ಟಿ ಲೀಗು ವಿಚಾರಣೆ ನಡೆಸಿತು. ೨೦೧೩ರ ಫೆಬ್ರವರಿಯಲ್ಲಿ ಹೊರಬಿದ್ದ ತೀರ್ಮಾನದಲ್ಲಿ, ಕ್ಲಬ್ಬು ಬೇಕೆಂದೇ ಪಂದ್ಯಗಳನ್ನು ಸೋತಿತೆಂಬುದನ್ನು ಲೀಗು ಎತ್ತಿಹಿಡಿಯಲಿಲ್ಲ. ಆದರೂ ಕ್ಲಬ್ಬಿಗೆ ೫ ಲಕ್ಷ ಡಾಲರು ದಂಡವನ್ನು ವಿಧಿಸಿ, ಅಂದು ಹೊಣೆಯಲ್ಲಿದ್ದ ಇಬ್ಬರನ್ನು ಕೆಲವು ಕಾಲ ಅಮಾನತಿನಲ್ಲಿಟ್ಟಿತು. ವಿಶೇಷ ಆಯ್ಕೆಯು ತಾನೇತಾನಾಗಿ ದೊರೆಯುವ ವಿಧಿಯನ್ನು ಅಷ್ಟರೊಳಗೆ ರದ್ದುಮಾಡಿಯೂ ಆಗಿತ್ತು. ಯಾರ ಮನಸ್ಸಿನಲ್ಲಿ ಏನಿದ್ದಿತೆಂಬ ವಿಚಾರವು ಇಲ್ಲಿ ಅನಾವಶ್ಯಕ. ಆ ಬಗೆಯ ಲೆಕ್ಕಾಚಾರವು ಧರ್ಮವೆ ಎಂಬುದಷ್ಟೇ ಪ್ರಶ್ನೆ.

ಚತುರನ ದೃಷ್ಟಾಂತಗಳನ್ನು ಒಂದೊಂದಾಗಿ ನೋಡತಕ್ಕದ್ದು. ಚದುರಂಗದಲ್ಲಿ ಆನೆಯನ್ನು ಕೊಡುವುದು ಅದೇ ಆಟವನ್ನು ಗೆಲ್ಲುವುದಕ್ಕಾಗಿ. ಎದುರಾಳಿಯೂ ಅದನ್ನು ಬಲ್ಲನು. ಅದು ಆಟದ ಒಳಗಣ ತಂತ್ರ. ಬೇಕೆಂದು ಸೋಲುವವನಾದರೋ ಆಟವನ್ನೇ ಆಟದ ಹೊರಗಿನ ಲಾಭಕ್ಕೆ ಮಾರುತ್ತಾನೆ. ಬೀಳುಬಿಟ್ಟ ಹೊಲವು ರೈತನ ಸ್ವಂತದ್ದು. ಅದರಿಂದ ಬೇರೆಯವರಿಗೆ ಮೋಸವಿಲ್ಲ. ಪಂದ್ಯವು ಯಾರೊಬ್ಬನ ಸ್ವತ್ತೂ ಅಲ್ಲ. ಅದು ಎರಡು ತಂಡಗಳು ಕೂಡಿ ಮಾಡುವ ಕರ್ಮ. ಎದುರಾಳಿಯು ತನ್ನ ಬಲವನ್ನು ಅಳೆದುಕೊಳ್ಳಲು ಬಂದಿರುವನು. ಅವನಿಗೆ ಸುಳ್ಳು ತಕ್ಕಡಿಯನ್ನು ಒಡ್ಡಿದಂತಾಗುವುದು. ಅವನ ಗೆಲವೂ ಕಳ್ಳನಾಣ್ಯವಾಗುವುದು. ಪಟ್ಟಿಯಲ್ಲಿ ಅವನೊಡನೆ ಸ್ಪರ್ಧಿಸುತ್ತಿರುವ ಮೂರನೆಯ ತಂಡಕ್ಕೆ ಅನ್ಯಾಯವಾಗುವುದು. ಮಳೆಚಳಿಗಳನ್ನು ಲೆಕ್ಕಿಸದೆ ಬಂದು ಕುಳಿತ ಪ್ರೇಕ್ಷಕರಿಗೆ, ಬಿತ್ತರಿಸಿದ ಎಲೆಯ ಮುಂದೆ ಕೂರಿಸಿ ಬರಿಯ ನೀರನ್ನು ಬಡಿಸಿದಂತಾಗುವುದು.

ಇವೆಲ್ಲಕ್ಕಿಂತ ದೊಡ್ಡ ಹಾನಿಯು ಆಟಗಾರನಿಗೇ ಆಗುವುದು. ಅಭ್ಯಾಸವೆಂಬುದು ಎರಡು ಕಡೆಗೂ ಕೊಯ್ಯುವ ಕತ್ತಿ. ಗೆಲ್ಲಲು ಅಭ್ಯಾಸಮಾಡಿದ ಹಾಗೆಯೇ ಸೋಲಲು ಸಹ ಅಭ್ಯಾಸವಾಗುವುದು. ಹಿರಿಯರು ಸೋಲನ್ನು ಲಾಭವೆಂದೆಣಿಸುವ ಮನೆಯಲ್ಲಿ ೧೮ ವರ್ಷದ ಹುಡುಗನು ಏನನ್ನು ಕಲಿಯುವನು? ಮೊದಲ ಆಯ್ಕೆಯಿಂದ ಬಂದ ಪ್ರತಿಭೆಯು ಅಂತಹ ಮನೆಯಲ್ಲಿ ಬೇರೂರುವುದು ಕಷ್ಟ. ಮೆಲ್ಬೋರ್ನ್ ಕ್ಲಬ್ಬಿನ ಮುಂದಿನ ಚರಿತ್ರೆಯೂ ಚತುರನಿಗೆ ಅನುಕೂಲವಾಗಿಲ್ಲ. ೨೦೦೯ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಆಟಗಾರನು ಎರಡೇ ಋತುಗಳನ್ನು ಆಡಿ ೨೦೧೧ರ ಕೊನೆಯಲ್ಲಿ ಬೇರೆ ಕ್ಲಬ್ಬನ್ನು ಸೇರಿದನು. ಮೇಲೆ ಹೇಳಿದ ೧೮೬ ಅಂಕಗಳ ಸೋಲು ಆ ೨೦೧೧ರಲ್ಲಿಯೇ ಬಂದುದು. ೨೦೧೩ರಲ್ಲಿ ತಂಡವು ಎರಡು ಪಂದ್ಯಗಳನ್ನು ಮಾತ್ರ ಗೆದ್ದಿತು. ೨೦೨೧ರಲ್ಲಿ, ೫೭ ವರ್ಷಗಳ ತರುವಾಯ, ಅದು ಅಗ್ರಪದವಿಯನ್ನು ಪಡೆದುದೇನೋ ನಿಜ. ಆದರೆ ಆಗ ತಂಡವೂ ಬೇರೆ, ಅದನ್ನು ನಡೆಸಿದವರೂ ಬೇರೆ. ಹೀಗೆ ಧರ್ಮವನ್ನು ಬದಿಗಿಟ್ಟು ಲೆಕ್ಕವನ್ನೇ ನೋಡಿದರೂ ಆ ವ್ಯಾಪಾರವು ಲಾಭದ್ದೆಂದು ಹೇಳಲು ಆಧಾರವಿಲ್ಲ.

ಆದರೂ ಚತುರನ ವಾದದಲ್ಲಿ ಸತ್ಯದ ಒಂದು ಅಂಶವಿದೆ. ಅದನ್ನು ಅಲ್ಲಗಳೆಯುವುದು ನ್ಯಾಯವಾಗದು. ಆಸೆಯಿಲ್ಲದ ಋತುವಿನ ಕೊನೆಯಲ್ಲಿ ತರಬೇತುದಾರನು ಹಿರಿಯ ಆಟಗಾರನಿಗೆ ವಿಶ್ರಾಂತಿಯನ್ನು ಕೊಟ್ಟು ಎಳೆಯನೊಬ್ಬನನ್ನು ಕಣಕ್ಕಿಳಿಸಬಹುದು. ಅದರಿಂದ ಅಂದಿನ ಗೆಲವಿನ ಸಂಭವವು ತಗ್ಗಬಹುದು. ಇದು ಅಧರ್ಮವೆ? ಅಲ್ಲ. ಆ ಎಳೆಯನು ಗೆಲ್ಲಬೇಕೆಂದೇ ಆಡುತ್ತಾನೆ. ತರಬೇತುದಾರನೂ ಅವನು ಗೆಲ್ಲಲೆಂದೇ ಬಯಸುತ್ತಾನೆ. ಸೋಲನ್ನು ಸಹಿಸುವುದು ಬೇರೆ, ಸೋಲನ್ನು ಬಯಸುವುದು ಬೇರೆ. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣಬಹುದಾದುದರಿಂದ ಅವುಗಳನ್ನು ಬೇರ್ಪಡಿಸಲು ಒಂದು ಪರೀಕ್ಷೆ ಬೇಕು. ತಾನು ಮಾಡಿದ ಏರ್ಪಾಡಿನ ಕಾರಣವನ್ನು ತರಬೇತುದಾರನು ಮೈದಾನಕ್ಕಿಳಿಯಲಿರುವ ೧೮ ಮಂದಿಗೂ ಮುಖವೆತ್ತಿ ಹೇಳಬಲ್ಲನೆ? ಹೇಳಿದಮೇಲೂ ಅವರು ಮೊದಲಿನಷ್ಟೇ ಉತ್ಸಾಹದಿಂದ ಓಡಬಲ್ಲರೆ? ಹೌದಾದರೆ ಅದು ನೀತಿ. ಕಾರಣವನ್ನು ಮುಚ್ಚಿಡಬೇಕಾಗಿ ಬಂದರೆ ಅದು ಕಪಟ. ವಿಧಿಯನ್ನು ರಚಿಸುವವರಿಗೂ ಇಲ್ಲಿ ಒಂದು ಪಾಠವುಂಟು. ಸೋತವನಿಗೆ ನೆರವಾಗುವುದು ದಯೆ. ಸೋಲಿಗೇ ಬೆಲೆ ಕಟ್ಟುವುದು ಪ್ರಲೋಭನ. ಎರಡರ ನಡುವಣ ಗೆರೆಯು ಬಹಳ ಸಣ್ಣದು.

ಪೂರ್ವಪಕ್ಷಗಳನ್ನು ಹೀಗೆ ಪರಿಹರಿಸಿದ ಮೇಲೂ ಮೂಲಪ್ರಶ್ನೆಯು ಉಳಿದಿದೆ: ಸೋಲುವ ತಂಡದ ಪ್ರಯತ್ನಕ್ಕೆ ಬೆಲೆಯು ಎಲ್ಲಿಂದ ಬಂತು? ಈ ಪ್ರಶ್ನೆಗೆ ಕಠಿನತಮವಾದ ನಿದರ್ಶನವು ಮತ್ತೆ ಫಿಟ್ಸ್‌ರಾಯ್ ಕ್ಲಬ್ಬಿನದೇ. ೧೮೮೩ರಲ್ಲಿ ಸ್ಥಾಪಿತವಾಗಿ, ಲೀಗಿನ ಅಗ್ರಪದವಿಯನ್ನು ಎಂಟು ಬಾರಿ ಪಡೆದಿದ್ದ ಆ ಕ್ಲಬ್ಬು ಸಾಲದಲ್ಲಿ ಮುಳುಗಿತು. ಅದನ್ನು ಬ್ರಿಸ್ಬೇನ್ ನಗರದ ಕ್ಲಬ್ಬಿನೊಡನೆ ಕೂಡಿಸುವುದೆಂದು ೧೯೯೬ರ ಜುಲೈ ತಿಂಗಳಲ್ಲಿ ತೀರ್ಮಾನವಾಯಿತು. ಋತುವಾದರೋ ಇನ್ನೂ ಮುಗಿದಿರಲಿಲ್ಲ. ಆ ವರ್ಷ ಅದು ಗೆದ್ದುದು ಒಂದೇ ಪಂದ್ಯ. ಮೆಲ್ಬೋರ್ನ್ ನಗರದಲ್ಲಿ ಆಡಿದ ಕೊನೆಯ ಪಂದ್ಯದಲ್ಲಿ ರಿಚ್ಮಂಡ್ ತಂಡಕ್ಕೆ ೧೫೧ ಅಂಕಗಳಿಂದ ಸೋತಿತು. ಅದಾದ ಒಂದು ವಾರಕ್ಕೆ, ೧೯೯೬ರ ಸೆಪ್ಟೆಂಬರ್ ೧ರಂದು, ದೂರದ ಪರ್ತ್ ನಗರದಲ್ಲಿ ಫ್ರೀಮ್ಯಾಂಟಲ್ ತಂಡದೊಡನೆ ಅದರ ಕಟ್ಟಕಡೆಯ ಪಂದ್ಯ.

ಆ ಪಂದ್ಯದ ಹಿಂದಿನ ರಾತ್ರಿಯಲ್ಲಿ ಆ ತಂಡದ ಸ್ಥಿತಿಯನ್ನು ಆಲೋಚಿಸಬೇಕು. ಗೆದ್ದರೆ ಪಟ್ಟಿಯಲ್ಲಿ ಮೇಲೇರುವ ಆಸೆಯಿಲ್ಲ. ಸೋತರೆ ಮೊದಲ ಆಯ್ಕೆಯ ಲಾಭವಿಲ್ಲ. ಆಯ್ಕೆಮಾಡಲು ಕ್ಲಬ್ಬೇ ಇರುವುದಿಲ್ಲ. ಮುಂದಿನ ವರ್ಷಕ್ಕೆ ಪಾಠ ಕಲಿಯೋಣವೆಂದರೆ ಮುಂದಿನ ವರ್ಷವೇ ಇಲ್ಲ. ದೈವವಾದಿಯೂ ಚತುರನೂ ಇಬ್ಬರೂ ಇಲ್ಲಿ ಮೂಕರಾಗುವರು. ಏಕೆಂದರೆ ಆಶಿಸತಕ್ಕ ಫಲವೆಂಬುದೇ ಇಲ್ಲಿ ಇಲ್ಲ. ಆದರೂ ತಂಡವು ಮೈದಾನಕ್ಕಿಳಿಯಿತು. ನಾಲ್ಕು ಪಾದಗಳನ್ನೂ ಆಡಿತು. ೮೬ ಅಂಕಗಳಿಂದ ಸೋತಿತು. ಈ ಆಟವು ವ್ಯರ್ಥವೆಂದು ಹೇಳುವವನು ಪ್ರಯತ್ನಕ್ಕೆಲ್ಲ ಫಲವೇ ಬೆಲೆಯೆಂದು ಒಪ್ಪಿದವನು. ವ್ಯರ್ಥವಲ್ಲವೆಂದು ಯಾರ ಅಂತಃಕರಣವು ಹೇಳುವುದೋ ಅವನು ಫಲಕ್ಕಿಂತ ಬೇರೆಯಾದ ಒಂದು ಬೆಲೆಯನ್ನು ಒಪ್ಪಿಯೇ ಇರುವನು.

ಆ ಬೆಲೆಗೆ ಹೆಸರನ್ನು ಕೊಡಲು ಮೀಮಾಂಸಾಶಾಸ್ತ್ರದ ಒಂದು ವಿಭಾಗವು ನೆರವಾಗುವುದು. ಅಲ್ಲಿ ಕರ್ಮಗಳನ್ನು ಕಾಮ್ಯವೆಂದೂ ನಿತ್ಯವೆಂದೂ ವಿಂಗಡಿಸಿರುವರು. ಮಳೆಯಾಗಲೆಂದೋ ಸಂತಾನವಾಗಲೆಂದೋ ಮಾಡುವ ಕರ್ಮವು ಕಾಮ್ಯ. ಅದರಲ್ಲಿ ಅಂಗಗಳೆಲ್ಲವೂ ಪೂರ್ಣವಾಗಿದ್ದರೇ ಫಲ. ಅವುಗಳನ್ನು ಪೂರೈಸಲಾರದವನು ಅದಕ್ಕೆ ಕೈಹಾಕದಿರುವುದೇ ಲೇಸು. ಅಗ್ನಿಹೋತ್ರದಂತಹ ನಿತ್ಯಕರ್ಮದ ಬಗೆ ಬೇರೆ. ಕೆಲವು ಅಂಗಗಳು ಕೂಡಿಬಾರದಿದ್ದರೂ ಅದನ್ನು ಬಿಡಕೂಡದು. ಇದ್ದಷ್ಟರಲ್ಲಿ, ಯಥಾಶಕ್ತಿಯಾಗಿ, ಮಾಡಿಯೇ ತೀರತಕ್ಕದ್ದು. ಶಕ್ತಿಯಿದ್ದಷ್ಟೂ ಮಾಡಿದವನ ನಿತ್ಯಕರ್ಮವು ಪೂರ್ಣವೇ ಸರಿ. ಗೆಲವನ್ನು ಬಯಸಿ ಆಡುವಷ್ಟು ಕಾಲವೂ ಪಂದ್ಯವು ಕಾಮ್ಯದಂತೆ ತೋರುವುದು. ಗೆಲವಿನ ಆಸೆಯು ಬತ್ತಿಹೋದಾಗಲೇ ಅದರ ನಿತ್ಯಸ್ವರೂಪವು ಬೆಳಕಿಗೆ ಬರುವುದು. ಎತ್ತರದ ಆಟಗಾರನಿಲ್ಲ, ವೇಗದವನಿಗೆ ಏಟಾಗಿದೆ, ಹಣವಿಲ್ಲ, ನಾಳೆಯೂ ಇಲ್ಲ, ಅಂಗಗಳೆಲ್ಲವೂ ಲೋಪವಾಗಿವೆ. ಆದರೂ ಕರ್ಮವು ಉಳಿದಿದೆ. ಆ ಅಂಗಿಯನ್ನು ಮೊದಲು ತೊಟ್ಟು ಆಡಿದವರ ಋಣವಿದೆ. ಮೈದಾನದ ಸುತ್ತ ನಿಂತವರ ಋಣವಿದೆ. ಇದಿರಿನಲ್ಲಿ ನಿಂತ ಎದುರಾಳಿಯ ಋಣವೂ ಇದೆ. ಋಣವನ್ನು ತೀರಿಸುವವನು ‘ಇದರಿಂದ ನನಗೇನು ಲಾಭ?’ ಎಂದು ಕೇಳುವ ವಾಡಿಕೆಯಿಲ್ಲ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ತಡೆಯಬೇಕಾಗಿದೆ. ಫಲದ ಆಸಕ್ತಿಯನ್ನು ಬಿಡಬೇಕೆಂಬ ಉಪದೇಶವನ್ನು ಕೇಳಿ ಕೆಲವರು, ಗುರಿಯನ್ನೇ ಬಿಡಬೇಕೆಂದು ತಿಳಿಯುವರು. ಕಂಬಗಳ ಕಡೆಗೆ ನೋಡದೆ ಚೆಂಡನ್ನೊದೆಯುವವನು ನಿಷ್ಕಾಮನಲ್ಲ, ಅಲಕ್ಷ್ಯಗಾರ. ಗೋಲ್ ಹೊಡೆಯಬೇಕೆಂದೇ ಒದೆಯಬೇಕು. ಆಗದಿದ್ದರೆ ಮರಳಿ ಓಡಿಬಂದು ತನ್ನ ಸ್ಥಾನದಲ್ಲಿ ನಿಲ್ಲಬೇಕು. ಹಾಗೆಯೇ ಸಂಭವವನ್ನು ಮುಚ್ಚಿಟ್ಟು ‘ಗೆದ್ದೇ ಗೆಲ್ಲುವೆವು’ ಎಂದು ಕೂಗುವುದೂ ಧರ್ಮವಲ್ಲ, ಅದು ಆತ್ಮವಂಚನೆ. ದುರ್ಬಲ ತಂಡದ ತರಬೇತುದಾರನು ಸತ್ಯವನ್ನೇ ಹೇಳಲಿ. ಆಮೇಲೆ ದೊಡ್ಡ ಸೋಲನ್ನು ಸಣ್ಣ ಸಣ್ಣ ಕಾರ್ಯಗಳಾಗಿ ಒಡೆದುಕೊಡಲಿ. ನಾಲ್ಕು ಪಾದಗಳಲ್ಲಿ ಒಂದು ಪಾದವನ್ನು ಗೆಲ್ಲುವುದು. ಎದುರಾಳಿಯ ಶ್ರೇಷ್ಠನಾದ ಆಟಗಾರನನ್ನು ಒಂದು ಗಳಿಗೆ ತಡೆಯುವುದು. ಕೊನೆಯ ನಿಮಿಷದಲ್ಲಿಯೂ ಒಂದು ಬಿಹೈಂಡನ್ನಾದರೂ ಗಳಿಸುವುದು. ಆ ಆಟದ ಪಟ್ಟಿಯಲ್ಲಿ ಶೇಕಡಾ ಪ್ರಮಾಣವೆಂಬುದೊಂದು ಇರುವುದರಿಂದ ಸೋತ ಪಂದ್ಯದ ಒಂದೊಂದು ಅಂಕವೂ ಲೆಕ್ಕಕ್ಕೆ ಬರುವುದು. ಸೋತವನ ಒಂದು ಅಂಕವನ್ನೂ ಬಿಸಾಡದ ಆ ಪದ್ಧತಿಯಲ್ಲಿ ಒಂದು ಸೂಕ್ಷ್ಮವಾದ ನ್ಯಾಯವಿದೆ.

೧೯೦೦ನೆಯ ಇಸವಿಯ ಆ ಪಂದ್ಯವು ಏನಾಯಿತೆಂದು ವಾಚಕರು ಕೇಳಬಹುದು. ಆಟವು ಮುಗಿದಾಗ ಎರಡು ತಂಡಗಳೂ ಸಮವಾಗಿದ್ದುವು. ಒಂದು ಪಾದದ ಅಂತ್ಯದ ಗಂಟೆ ಬಾರಿಸಿದಮೇಲೆ ಮೆಲ್ಬೋರ್ನ್ ತಂಡಕ್ಕೆ ಒಂದು ಬಿಹೈಂಡನ್ನು ಕೊಟ್ಟಿರುವರೆಂದು ಸೇಂಟ್ ಕಿಲ್ಡಾದವರು ಆಕ್ಷೇಪಿಸಿದರು. ಲೀಗು ಆಕ್ಷೇಪವನ್ನು ಒಪ್ಪಿ ಆ ಅಂಕವನ್ನು ತೆಗೆದುಹಾಕಿತು. ಸೇಂಟ್ ಕಿಲ್ಡಾ ಒಂದು ಅಂಕದಿಂದ ಗೆದ್ದಿತು. ಅಂದು ಸೋತ ಮೆಲ್ಬೋರ್ನ್ ತಂಡವೇ ಆ ವರ್ಷದ ಅಗ್ರಪದವಿಯನ್ನು ಪಡೆಯಿತು. ಗೆದ್ದ ಸೇಂಟ್ ಕಿಲ್ಡಾ ಆ ವರ್ಷವೂ ಪಟ್ಟಿಯ ಕಡೆಯಲ್ಲಿಯೇ ಉಳಿಯಿತು. ಆ ಕ್ಲಬ್ಬು ಮೊದಲ ಬಾರಿ ಅಗ್ರಪದವಿಯನ್ನು ಪಡೆಯಲು ೧೯೬೬ರ ವರೆಗೆ ಕಾಯಬೇಕಾಯಿತು. ಅಂದೂ ಕಾಲಿಂಗ್‌ವುಡ್ ತಂಡವನ್ನು ಸೋಲಿಸಿದುದು ಒಂದೇ ಅಂಕದಿಂದ.

ಲೀಗು ಆ ಆಕ್ಷೇಪವನ್ನು ತಳ್ಳಿಹಾಕಿದ್ದರೆ ಗೆಲವು ಇಲ್ಲವಾಗುತ್ತಿತ್ತು. ಆದರೆ ಆಟವು ಅದೇ ಆಟವಾಗಿರುತ್ತಿತ್ತು. ಓಡಿದ ಕಾಲುಗಳು ಅವೇ, ಎತ್ತಿದ ಕೈಗಳು ಅವೇ. ಅಂಪೈರನ ತೀರ್ಪು, ಲೀಗಿನ ತೀರ್ಮಾನ, ಚೆಂಡಿನ ನೆಗೆತ, ಇವೆಲ್ಲ ಫಲದ ಮೇಲೆ ಅಧಿಕಾರವುಳ್ಳವು. ಪ್ರಯತ್ನದ ಮೇಲೆ ಅವುಗಳಿಗೆ ಅಧಿಕಾರವಿಲ್ಲ. ಹೀಗಿರಲಾಗಿ, ಸೋತು ಸೋತು ಬಳಲಿದ ತಂಡವೊಂದು ಬರುವ ಪಂದ್ಯದಲ್ಲಿ ಏನಾದೀತು ಎಂಬ ಪ್ರಶ್ನೆಗೆ ಎರಡು ಉತ್ತರಗಳುಂಟು. ಅದು ಗೆಲ್ಲುವುದೆ ಎಂದು ಕೇಳಿದರೆ ಪಟ್ಟಿಯನ್ನು ನೋಡಿ, ಬಹುಶಃ ಇಲ್ಲವೆನ್ನಬೇಕು. ಅದು ಆಡುವುದೆ ಎಂದು ಕೇಳಿದರೆ ಪಟ್ಟಿಯು ಏನನ್ನೂ ಹೇಳಲಾರದು; ಆ ಉತ್ತರವು ೧೮ ಮಂದಿಯ ಕೈಯಲ್ಲಿ ಮಾತ್ರವೇ ಇರುವುದು.